ಕೋವಿಯ ಮನೆಯಲ್ಲಿ ಗೇಮಿನ ಲೆಕ್ಕ

ಕೊಡವರ ಆಯುಧಪೂಜೆಯ ಹಬ್ಬವಾದ ಕಳೆದ ಕೈಲ್‌ಪೊಳ್ದಿನ ದಿನ ವಿರಾಜಪೇಟೆ ಸಮೀಪದ ನಮ್ಮ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದೆದುರು ಕೋವಿ, ಕತ್ತಿಗಳನ್ನಿಟ್ಟು, ನಳಿಗೆಗಳಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮುಗಿಸಿದ್ದೆವು. ಹದಿನಾಲ್ಕು ವರ್ಷದ ನನ್ನ ಅಕ್ಕನ ಮಗ ಜಗಲಿಯಲ್ಲಿ ಕುಳಿತು ಫೋನಿನಲ್ಲಿ ಶೂಟಿಂಗ್ ಗೇಮ್ ಆಡುತ್ತಿದ್ದುದನ್ನು ಕಂಡ ಚಿಕ್ಕಪ್ಪ, “ಈ ವಯಸ್ಸಿನಲ್ಲೇ ಗುಂಡು ಹೊಡೆಯೋ ಆಟ ಕೊಟ್ಟರೆ ನಾಳೆ ಇವನು ಏನಾಗ್ತಾನೆ?” ಎಂದು ನನ್ನನ್ನೇ ಗದರಿದರು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೊರಡುವ ಆತುರದಲ್ಲಿ ಅವರಿದ್ದುದರಿಂದ ನಾನು ವಾದಕ್ಕೆ ಇಳಿಯಲಿಲ್ಲ.

ಇಪ್ಪತ್ತು ವರ್ಷಗಳಿಂದ ಗೇಮ್ ಆಡುತ್ತ, ಅದಕ್ಕೂ ಮೊದಲಿನಿಂದ ಆಟಿಕೆಗಳನ್ನು ಕೂಡಿಡುತ್ತ ಬಂದಿರುವ ನನಗೆ ಈ ಆಪಾದನೆ ಹೊಸದೇನಲ್ಲ. 1993ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ ‘ಮಾರ್ಟಲ್ ಕಾಂಬ್ಯಾಟ್’ನಂತಹ ರಕ್ತ ಚೆಲ್ಲುವ ಗೇಮ್‌ಗಳ ಬಗ್ಗೆ ವಿಚಾರಣೆ ನಡೆಸಿತು, ಮರುವರ್ಷ ಅಲ್ಲಿನ ಉದ್ಯಮ ಗೇಮ್‌ಗಳಿಗೆ ವಯಸ್ಸಿನ ಗುರುತು ಹಚ್ಚುವ ಇಎಸ್‌ಆರ್‌ಬಿ ಎಂಬ ಮಂಡಳಿಯನ್ನು ಸ್ಥಾಪಿಸಿತು. ವಾದ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞರ ಸಂಘವಾದ ಎಪಿಎ 2020ರಲ್ಲಿ ತನ್ನ ಹಳೆಯ ನಿರ್ಣಯವನ್ನು ಪರಿಷ್ಕರಿಸಿ, ಗೇಮ್‌ಗಳೇ ನಿಜಜೀವನದ ಹಿಂಸಾಚಾರಕ್ಕೆ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲವೆಂದಿತು. ಆದರೆ ಕಿರುಚಾಟ, ತಳ್ಳಾಟದಂತಹ ವರ್ತನೆಗೂ ಇಂತಹ ಗೇಮ್‌ಗಳಿಗೂ ಸಣ್ಣದೊಂದು ನಂಟಿದೆಯೆಂಬುದನ್ನು ಅದೇ ನಿರ್ಣಯ ಉಳಿಸಿಕೊಂಡಿತು. ನನ್ನಂಥ ಗೇಮರ್‌ಗಳು ಮೊದಲ ಭಾಗವನ್ನು ಹೇಳಿ ಎರಡನೆಯದನ್ನು ನುಂಗಿಬಿಡುತ್ತೇವೆ. ಕಿರುಚಾಟವಂತೂ ನಮ್ಮ ಮನೆಯಲ್ಲಿಯೂ ಇತ್ತು. ಆದ್ದರಿಂದ ಅದು ಯಾವಾಗ, ಏಕೆ ಬರುತ್ತದೆಂಬುದನ್ನು ನೋಡಲು ಎರಡು ವಾರ ಹುಡುಗನ ಪಕ್ಕದಲ್ಲೇ ಕುಳಿತು ಅವನ ತಂಡದಲ್ಲೇ ಆಡಿದೆ.

ಎದುರಾಳಿಯನ್ನು ಹೊಡೆದಾಗ ಅವನು ಶಾಂತವಾಗಿಯೇ ಇರುತ್ತಿದ್ದ. ಸಿಟ್ಟು ಬರುತ್ತಿದ್ದುದು ಎರಡೇ ಸಂದರ್ಭಗಳಲ್ಲಿ. ಮೊದಲನೆಯದು, ಮ್ಯಾಚಿನ ನಡುವೆ ಅಕ್ಕ ಊಟಕ್ಕೆ ಕರೆದಾಗ. ನೂರು ಜನ ಇಳಿದು ಕೊನೆಗೆ ಒಂದು ತಂಡ ಉಳಿಯುವ ಆ ಗೇಮಿನಲ್ಲಿ ಕೊನೆಯವರೆಗೆ ಉಳಿದವನಿಗೆ ಒಂದು ಮ್ಯಾಚಿಗೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಅದನ್ನು ನಿಲ್ಲಿಸಿ ಇಡಲು ಆಗದು, ಎದ್ದು ಹೋದರೆ ಜೊತೆಯ ಮೂವರು ಸೋಲುತ್ತಾರೆ. ಹಾಕಿ ಪಂದ್ಯದ ಮೂರನೇ ಕ್ವಾರ್ಟರಿನಲ್ಲಿ ಗೋಲ್‌ಕೀಪರನ್ನು ಊಟಕ್ಕೆ ಕರೆದಂತೆ ಎಂದು ಹೇಳಿದ ಮೇಲೆ ಅಕ್ಕನಿಗೆ ವಿಷಯ ಥಟ್ಟನೆ ಅರ್ಥವಾಯಿತು. ಅಂದಿನಿಂದ ನಾವು ಗಂಟೆಯ ಲೆಕ್ಕ ಬಿಟ್ಟು ಮ್ಯಾಚಿನ ಲೆಕ್ಕ ಹಿಡಿದೆವು: ಶಾಲೆಯಿರುವ ದಿನ ಒಂದು, ಭಾನುವಾರ ಮೂರು, ಊಟಕ್ಕೆ ಮುಕ್ಕಾಲು ಗಂಟೆಯಿರುವಾಗ ಹೊಸ ಮ್ಯಾಚ್ ಶುರು ಮಾಡುವಂತಿಲ್ಲ. ಕಿರುಚಾಟದ ಬಹುಭಾಗ ಅಲ್ಲಿಗೆ ಇಳಿಯಿತು.

ಕೋವಿಯ ವಿಷಯವನ್ನೂ ನಾನು ಹಾಗೆಯೇ ಬಿಡಲಿಲ್ಲ. ಕೋವಿಯಲ್ಲಿ ತೋಟಾ ಇಲ್ಲವೆಂದು ಗೊತ್ತಿದ್ದರೂ ಇದೆಯೆಂದೇ ತಿಳಿಯಬೇಕು, ನಳಿಗೆ ಯಾರತ್ತಲೂ ತಿರುಗಕೂಡದು, ತೋಟಾವನ್ನೂ ಕೋವಿಯನ್ನೂ ಒಂದೇ ಕಡೆ ಇಡಕೂಡದು ಎಂಬ ಮೂರು ಪಾಠಗಳನ್ನು ತಾತ ನನಗೆ ಕಲಿಸಿದಂತೆಯೇ ಅವನಿಗೂ ಕಲಿಸಿದೆ. ಖಾಲಿ ಜೋಡಿನಳಿಗೆ ಕೋವಿಯನ್ನು ಎರಡು ಕೈಯಲ್ಲಿ ಹಿಡಿದಾಗ ಅವನ ಮೊದಲ ಮಾತು, “ಮಾವ, ಇಷ್ಟು ಭಾರವಾ?” ಎಂಬುದಾಗಿತ್ತು. ಎರಡು ನಿಮಿಷಕ್ಕೆ ಅವನ ತೋಳು ನಡುಗತೊಡಗಿತು.

ಸಿಟ್ಟಿನ ಎರಡನೆಯ ಸಂದರ್ಭವೇ ನನ್ನನ್ನು ಹೆಚ್ಚು ಕಾಡಿದ್ದು. ಆಟದೊಳಗೆ ‘ಕ್ರೇಟ್’ ಎಂಬ ಪೆಟ್ಟಿಗೆಗಳನ್ನು ದುಡ್ಡು ಕೊಟ್ಟು ತೆರೆಯಬಹುದು; ಒಳಗೆ ಯಾವ ಉಡುಪು, ಯಾವ ಬಣ್ಣದ ಬಂದೂಕು ಇದೆಯೆಂಬುದು ತೆರೆದ ಮೇಲೆಯೇ ತಿಳಿಯುವುದು. ಬೇಕಾದದ್ದು ಬಾರದಾಗ ಫೋನನ್ನು ದಿಂಬಿನ ಮೇಲೆ ಎಸೆದು, ಮತ್ತೆ ಎತ್ತಿಕೊಂಡು ಇನ್ನೊಂದನ್ನು ತೆರೆಯುತ್ತಿದ್ದ. ಅಕ್ಕನ ಯುಪಿಐ ಪಟ್ಟಿ ನೋಡಿದಾಗ ಒಂದೇ ತಿಂಗಳಲ್ಲಿ ನಾಲ್ಕು ಸಾವಿರ ರೂಪಾಯಿ ಎಂಬತ್ತೊಂಬತ್ತು, ನೂರ ಎಪ್ಪತ್ತೊಂಬತ್ತರ ತುಣುಕುಗಳಾಗಿ ಹೋಗಿತ್ತು. ರಕ್ತದ ಬಣ್ಣದ ಬಗ್ಗೆ ತಲೆ ಕೆಡಿಸಿಕೊಂಡಿದ್ದ ನಮಗೆ ಯಾರಿಗೂ ಇದು ಕಂಡಿರಲಿಲ್ಲ. ಬೆಲ್ಜಿಯಂ 2018ರಲ್ಲಿ ಇಂತಹ ಕೆಲವು ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿದ್ದು ನನ್ನ ಮಟ್ಟಿಗೆ ಹಿಂಸೆಯ ಕುರಿತ ಎಲ್ಲ ಚರ್ಚೆಗಳಿಗಿಂತ ಬೆಲೆಯುಳ್ಳ ಮಾತು.

ಆದರೆ ಬೈಯುವ ಬಾಯಿ ನನಗಿರಲಿಲ್ಲ. ತೊಂಬತ್ತರ ದಶಕದಲ್ಲಿ ನಾನು ಫನ್‌ಸ್ಕೂಲ್ ಕಂಪನಿಯ ಜಿ.ಐ. ಜೋ ಎಂಬ ಸೈನಿಕ ಗೊಂಬೆಗಳನ್ನು ಕೂಡಿಟ್ಟವನು. ಆ ಸೈನಿಕರ ಕಡ್ಡಿಯಂಥ ಬಂದೂಕುಗಳು ಇಂದಿಗೂ ನಮ್ಮ ಕಾಫಿ ಗಿಡಗಳ ಬುಡದಲ್ಲೆಲ್ಲೋ ಹೂತಿವೆ. ಆಗ ಬೇಕಾದ ಗೊಂಬೆ ಕಣ್ಣೆದುರೇ ಇರುತ್ತಿತ್ತು, ಬೆಲೆ ಗೊತ್ತಿರುತ್ತಿತ್ತು. ದುಡಿಯತೊಡಗಿದ ಮೇಲೆ ನಾನು ಲೆಗೊ ಕಂಪನಿಯ ಮಿನಿಫಿಗರ್ ಎಂಬ ಪುಟ್ಟ ಗೊಂಬೆಗಳ ಮುಚ್ಚಿದ ಪೊಟ್ಟಣಗಳಿಗೆ ಬಿದ್ದೆ. 2010ರಲ್ಲಿ ಆರಂಭವಾದ ಆ ಸರಣಿಯಲ್ಲಿ ಒಳಗೆ ಯಾವ ಗೊಂಬೆಯಿದೆಯೆಂದು ಹೊರಗಿನಿಂದ ಕಾಣದು. ಬೆಂಗಳೂರಿನ ಅಂಗಡಿಗಳಲ್ಲಿ ನಿಂತು, ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಪೊಟ್ಟಣವನ್ನು ಒತ್ತಿ ಇದು ಟೋಪಿಯೋ ಗುರಾಣಿಯೋ ಎಂದು ಪತ್ತೆ ಹಚ್ಚುವುದನ್ನು ಒಂದು ವಿದ್ಯೆಯಂತೆ ಕಲಿತಿದ್ದೆ. 2023ರಲ್ಲಿ ಪೊಟ್ಟಣದ ಬದಲು ರಟ್ಟಿನ ಡಬ್ಬಿ ಬಂದು ಆ ವಿದ್ಯೆ ವ್ಯರ್ಥವಾಯಿತು; ಆದರೂ ನಾನು ಕೊಳ್ಳುವುದನ್ನು ನಿಲ್ಲಿಸಲಿಲ್ಲ. ಹುಡುಗನ ಕ್ರೇಟಿಗೂ ನನ್ನ ಡಬ್ಬಿಗೂ ಇರುವ ವ್ಯತ್ಯಾಸವೆಂದರೆ ನನ್ನದರಲ್ಲಿ ಕೊನೆಗೆ ಕೈಗೊಂದು ಗೊಂಬೆ ಸಿಗುತ್ತದೆ, ಬೇಡವಾದರೆ ಇನ್ನೊಬ್ಬರಿಗೆ ಮಾರಬಹುದು.

ಫೋನಿನಿಂದ ಯುಪಿಐ ತೆಗೆಸಿ, ಕಾಫಿ ಕೊಯ್ಲಿನ ಸಮಯದಲ್ಲಿ ಕೂಲಿಯ ಲೆಕ್ಕ ಬರೆಯುವಂಥ ಉದ್ದನೆಯ ಪುಸ್ತಕವೊಂದನ್ನು ತಂದೆ. ತಿಂಗಳಿಗೆ ಇನ್ನೂರು ರೂಪಾಯಿ ಅವನದು. ಪೆಟ್ಟಿಗೆ ತೆರೆಯುವ ಮೊದಲು ಏನು ಬೇಕಿತ್ತೆಂದೂ ತೆರೆದ ಮೇಲೆ ಏನು ಬಂತೆಂದೂ ಬರೆಯಬೇಕು. ಮೊದಲ ತಿಂಗಳು ಗೊಣಗುತ್ತ ಬರೆದ. ಹದಿನೇಳು ಸಾಲುಗಳಾದಾಗ ಬಲಗಡೆಯ ಕಾಲಮ್ಮಿನಲ್ಲಿ ಬೇಕಾದದ್ದು ಒಂದೇ ಒಂದು ಬಾರಿ ಬಂದಿತ್ತು. ಆ ಪುಟವನ್ನು ಬಹಳ ಹೊತ್ತು ನೋಡಿ, ನನ್ನ ಆಟಿಕೆಗಳ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕೆಂದು ಹಟ ಹಿಡಿದ. ಒಪ್ಪಿಕೊಂಡೆ. ಈಗ ತಿಂಗಳ ಕೊನೆಗೆ ಎರಡೂ ಪುಟಗಳ ಮೊತ್ತ ಹಾಕುವವನು ಅವನೇ, ಕಳೆದ ತಿಂಗಳು ಕೆಂಪು ಪೆನ್ನಿನಲ್ಲಿ ಗೆರೆ ಎಳೆದದ್ದು ನನ್ನ ಪುಟಕ್ಕೆ.