ಹಕ್ಕಿ ಕೆರೆಯ ಪಕ್ಕ ಕಂಬ ನೆಡುವ ಮುನ್ನ

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋದರೆ, ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಸಿಗುತ್ತವೆ. ಹಸಿವಾದರೆ ಗುಂಪಾಗಿ ಎದ್ದು ಸುತ್ತಲ ಹೊಲಗಳಿಗೆ ಮೇಯಲು ಹಾರುತ್ತವೆ. ಇಂಥ ಕಡೆ ಕರೆಂಟ್ ಲೈನ್ ಎಳೆಯುವುದು ಹೇಗೆ?

ಮೊದಲು ಆ ಜಾಗಕ್ಕೆ ಯಾವ ಕಾನೂನು ಅಂತ ನೋಡಿ. ರಂಗನತಿಟ್ಟು 1940ರಿಂದಲೇ ಪಕ್ಷಿಧಾಮ. ಅಲ್ಲಿ ಹೊಸ ಲೈನ್ ಎಂದರೆ 1972ರ ವನ್ಯಜೀವಿ ಕಾಯ್ದೆ ಬರುತ್ತದೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಹಾಕಿದ ಅರ್ಜಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿವರೆಗೂ ಹೋಗುತ್ತದೆ. 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ, ಸೇರಿದ ಮಾಗಡಿ ಕೆರೆ ಪಕ್ಷಿಧಾಮವಲ್ಲ, ಸಂರಕ್ಷಣಾ ಮೀಸಲು. ಅಲ್ಲಿನ ಷರತ್ತು ಬೇರೆ. 2017ರ ಜೌಗು ಪ್ರದೇಶ ನಿಯಮಗಳು ಅನ್ವಯಿಸುವ ಕಡೆ ನೀರಿನಂಚಿನಿಂದ 50 ಮೀಟರ್ ಒಳಗೆ, ದೋಣಿ ಕಟ್ಟೆ ಬಿಟ್ಟರೆ, ಕಾಯಂ ನಿರ್ಮಾಣ ಕೂಡದು. ಈ ಅಂಚನ್ನು ಹತ್ತು ವರ್ಷದ ಪ್ರವಾಹ ಮಟ್ಟದ ಸರಾಸರಿಯಿಂದ ಲೆಕ್ಕ ಹಾಕಬೇಕು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಟೇಪ್ ಹಿಡಿದರೆ ನಡೆಯುವುದಿಲ್ಲ.

ಕಾಗದ ಓಡಾಡುತ್ತಿರುವಾಗಲೇ ಬೆಳಿಗ್ಗೆ, ಸಂಜೆ ಕೆರೆ ಏರಿ ಮೇಲೆ ಸುಮ್ನೆ ನಿಂತು ನೋಡಿ. ನನ್ನ ಪ್ರಕಾರ ಇದೇ ಮುಖ್ಯ ಕೆಲಸ, ಜಾಸ್ತಿ ಜನ ಬಿಟ್ಟುಬಿಡುವುದೂ ಇದನ್ನೇ. ನೀರಿನ ಮೇಲಿನ ತಂತಿಯಷ್ಟೇ ಅಪಾಯ ಅಂದುಕೊಳ್ಳುತ್ತೇವೆ. ಕೆರೆಗೂ ಹೊಲಕ್ಕೂ ನಡುವಿನ ತಂತಿ ಅದಕ್ಕಿಂತ ಕೆಟ್ಟದ್ದು. ಮಬ್ಬಿನಲ್ಲಿ ತೆಳು ತಂತಿ ಕಾಣುವುದಿಲ್ಲ, ಭಾರದ ಹಕ್ಕಿ ತಟ್ಟನೆ ಪಕ್ಕಕ್ಕೆ ತಿರುಗಲಾರದು. ಆದ ಮಟ್ಟಿಗೆ ಆ ದಾರಿ ತಪ್ಪಿಸಿ, ಇಲ್ಲವೇ ನೆಲದಡಿ ಕೇಬಲ್ ಹಾಕಿ. ಎರಡೂ ಆಗದಿದ್ದರೆ ತಂತಿ ಹಕ್ಕಿಗೆ ದೂರದಿಂದಲೇ ಕಾಣಲಿ ಅಂತ ತೂಗುಹಾಕುವ ಬರ್ಡ್ ಡೈವರ್ಟರ್ ಕಟ್ಟಿ. ಆದರೆ ಡೈವರ್ಟರ್ ಡಿಕ್ಕಿಯನ್ನಷ್ಟೇ ತಗ್ಗಿಸುತ್ತದೆ. ಕಂಬದ ಮೇಲೆ ಕೂತ ಕೊಕ್ಕರೆ ರೆಕ್ಕೆ ಬಿಚ್ಚಿ ಎರಡು ತಂತಿ ತಾಗಿಸಿದರೆ ಸುಟ್ಟುಹೋಗುತ್ತದೆ. ಅದಕ್ಕೆ ಕಂಬದ ಹತ್ತಿರದ ತಂತಿಗೆ ಇನ್ಸುಲೇಷನ್ ಹೊದಿಕೆಯೇ ಬೇಕು.

ಕೆಲಸದ ತಿಂಗಳನ್ನೂ ಹಕ್ಕಿಯೇ ನಿರ್ಧರಿಸಲಿ. ಮಾಗಡಿಯಲ್ಲಿ ಹೆಬ್ಬಾತು ಹೊರಟುಹೋದ ಮೇಲೆ ಬೇಸಿಗೆ ಸರಿ. ಅದೇ ಬೇಸಿಗೆಯಲ್ಲಿ ರಂಗನತಿಟ್ಟಿನ ಮರಗಳಲ್ಲಿ ಗೂಡು, ಮರಿ! ಒಂದೇ ಗುತ್ತಿಗೆಯ ವೇಳಾಪಟ್ಟಿ ಎರಡಕ್ಕೂ ಹೇಗೆ ಹೊಂದೀತು, ಅಲ್ವಾ?

ಕಂಬದ ಗುಂಡಿಯನ್ನು ರಾತ್ರಿ ಮುಚ್ಚಿಡಿ, ಕಪ್ಪೆ, ಹಾವು ಬೀಳುತ್ತವೆ. ತಂತಿ ಚೂರು ಹೆಕ್ಕಿಕೊಂಡು ಬನ್ನಿ.

ಲೈನ್ ಚಾಲೂ ಆದ ಮೇಲೂ ಕೆಲವು ತಿಂಗಳು ತಂತಿಯ ಕೆಳಗೆ ನಸುಕಿನಲ್ಲೇ ಒಂದು ಸುತ್ತು ಹಾಕಿ. ತಡವಾದರೆ ಸತ್ತ ಹಕ್ಕಿಯನ್ನು ನಾಯಿ, ನರಿ ಎಳೆದೊಯ್ದಿರುತ್ತವೆ, ಲೆಕ್ಕ ಸಿಗುವುದಿಲ್ಲ. ಹಕ್ಕಿ ಕಂಡರೆ ಮುಟ್ಟಬೇಡಿ. ಕಂಬದ ನಂಬರ್ ಬರೆದುಕೊಂಡು ಅರಣ್ಯ ಇಲಾಖೆಗೆ ಫೋನ್ ಮಾಡಿ.