ಬೀದಿ ಭಾವಚಿತ್ರ: ಕಣ್ಣಿಗೆ ಫೋಕಸ್ ಕೂರಿಸುವುದು ಹೇಗೆ?

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಂತೆಂದರೆ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯ ಎರಡೂ ಬದಿಗೆ ಕಾಯಿಯ ರಾಶಿ, ರಾಶಿಯ ಹಿಂದೆ ನೆಲಕ್ಕೆ ಕೂತ ಮಾರಾಟಗಾರರು, ತಲೆಯ ಮೇಲೆ ಸೀರಿಯಲ್ ಬಲ್ಬುಗಳ ಸಾಲು. ಕೆಲವು ವರ್ಷಗಳ ಹಿಂದೆ ಅಲ್ಲಿ ಒಬ್ಬ ಅಜ್ಜಿಯ ಚಿತ್ರ ತೆಗೆದೆ. ಪಾವಿನ ತುಂಬ ಕಾಯಿ ಅಳೆದು, ಮೇಲೊಂದು ಹಿಡಿ ಕೊಸರು ಹಾಕುತ್ತಾ ಅವರು ತಲೆಯೆತ್ತಿ ನಕ್ಕ ಗಳಿಗೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಪಾವಿನ ಅಂಚಿನ ಸೊಟ್ಟ, ಸಿಪ್ಪೆಗೆ ಅಂಟಿದ ಕೆಮ್ಮಣ್ಣು ಎಲ್ಲವೂ ಸ್ಪಷ್ಟ. ಅಜ್ಜಿಯ ಕಣ್ಣು ಮಾತ್ರ ಮಸುಕು.

ಎಲ್ಲವನ್ನೂ ಕ್ಯಾಮೆರಾದ ಆಯ್ಕೆಗೇ ಬಿಟ್ಟರೆ ಅದು ಸಾಮಾನ್ಯವಾಗಿ ಹತ್ತಿರದ, ಅಂಚು ಎದ್ದು ಕಾಣುವ ವಸ್ತುವನ್ನು ಹಿಡಿಯುತ್ತದೆ. ಅಂದು ಪಾವು ಮುಖಕ್ಕಿಂತ ಒಂದು ಗೇಣು ಮುಂದಿತ್ತು, ಅಷ್ಟೇ. ಆ ನಗು ಮತ್ತೆ ಸಿಗುವುದಿಲ್ಲ. ಅದಕ್ಕೇ ಫೋಕಸ್‌ನ ಹೊಂದಾಣಿಕೆಗಳನ್ನೆಲ್ಲ (ಸೆಟ್ಟಿಂಗ್) ಮನೆಯಲ್ಲೇ ಮುಗಿಸಿಕೊಂಡು ಹೊರಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಬೀದಿಗೆ ಇಳಿದ ಮೇಲೆ ನಿಮ್ಮ ಗಮನ ಎದುರಿಗಿರುವ ಮನುಷ್ಯನ ಮೇಲಿರಬೇಕು, ಮೆನುವಿನ ಮೇಲಲ್ಲ.

ಮೊದಲು ಒಂದು ಲೆಕ್ಕ

ಕ್ಯಾನನ್ 1500ಡಿ, ನಿಕಾನ್ ಡಿ3500 ಥರದ ಕ್ಯಾಮೆರಾಕ್ಕೆ 50 ಎಂಎಂ ಲೆನ್ಸ್ ಹಾಕಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿರಿದು) ಎಫ್/1.8ರಲ್ಲಿಟ್ಟು, ಎರಡು ಮೀಟರ್ ದೂರದಿಂದ ಮುಖಕ್ಕೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಕಾಣುವ ಪಟ್ಟಿಯ ಒಟ್ಟು ಆಳ ಸುಮಾರು 11 ಸೆಂಟಿಮೀಟರ್. ಒಂದೇ ಮೀಟರಿಗೆ ಹತ್ತಿರ ಹೋದರೆ ಅದು ಮೂರು ಸೆಂಟಿಮೀಟರಿಗಿಂತ ಕಡಿಮೆ. ಮೂಗಿನ ತುದಿಗೆ ಫೋಕಸ್ ಬಿದ್ದರೆ ಕಣ್ಣು ಕೈಬಿಟ್ಟಂತೆಯೇ. ಇವಕ್ಕಿಂತ ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 85 ಎಂಎಂ ಲೆನ್ಸನ್ನು ಎಫ್/1.8ರಲ್ಲಿಟ್ಟು ಎರಡು ಮೀಟರ್ ದೂರದಿಂದ ತೆಗೆದರೂ ಸಿಗುವುದು ಆರು ಸೆಂಟಿಮೀಟರ್.

ಹಾಗಾಗಿ ಕಲಿಯುವ ದಿನಗಳಲ್ಲಿ ಎಫ್/2.8ರಲ್ಲಿ ತೆಗೆಯಿರಿ. ಮೇಲೆ ಹೇಳಿದ 50 ಎಂಎಂ ಲೆನ್ಸಿಗೆ ಎರಡು ಮೀಟರಿನಲ್ಲಿ 11ರ ಬದಲು 17 ಸೆಂಟಿಮೀಟರ್ ಸಿಗುತ್ತದೆ. ಹಿನ್ನೆಲೆ ಆಗಲೂ ಸಾಕಷ್ಟು ಕರಗುತ್ತದೆ. ಬಲ್ಬುಗಳೆಲ್ಲ ದೊಡ್ಡ ದೊಡ್ಡ ಬೆಳಕಿನ ಹನಿಗಳಾಗಬೇಕೆಂಬ ಆಸೆಗೆ ಕಣ್ಣನ್ನು ಬಲಿ ಕೊಟ್ಟ ಚಿತ್ರಗಳನ್ನು ನಾನು ಬಹಳ ನೋಡಿದ್ದೇನೆ, ತೆಗೆದೂ ಇದ್ದೇನೆ.

ಯಾವ ಮೋಡ್?

ಆಟೊಫೋಕಸ್‌ನಲ್ಲಿ (ಎಎಫ್), ಅಂದರೆ ಕ್ಯಾಮೆರಾ ತಾನೇ ಫೋಕಸ್ ಹಿಡಿಯುವುದರಲ್ಲಿ, ಮುಖ್ಯವಾಗಿ ಎರಡು ಬಗೆ. ಒಮ್ಮೆ ಫೋಕಸ್ ಹಿಡಿದು ಅಲ್ಲೇ ನಿಲ್ಲುವುದು ಮೊದಲನೆಯದು. ಕ್ಯಾನನ್ ಇದನ್ನು ಒನ್ ಶಾಟ್ ಎನ್ನುತ್ತದೆ. ನಿಕಾನ್, ಸೋನಿ, ಫ್ಯೂಜಿಫಿಲ್ಮ್ ಎಎಫ್-ಎಸ್ ಎನ್ನುತ್ತವೆ. ಬಟನ್ ಒತ್ತಿ ಹಿಡಿದಿರುವಷ್ಟು ಹೊತ್ತೂ ಫೋಕಸ್ಸನ್ನು ಸರಿಪಡಿಸುತ್ತಲೇ ಇರುವುದು ಎರಡನೆಯದು: ಕ್ಯಾನನ್‌ನಲ್ಲಿ ಸರ್ವೊ ಅಥವಾ ಎಐ ಸರ್ವೊ, ಉಳಿದವರಲ್ಲಿ ಎಎಫ್-ಸಿ.

ಕೂತವರಿಗೆ ಮೊದಲನೆಯದು, ನಡೆಯುವವರಿಗೆ ಎರಡನೆಯದು ಎಂದು ಪಾಠ ಹೇಳುವುದುಂಟು. ಬೀದಿಯಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಕಾಯಿ ಮಾರುವವರು ಕೂತಿದ್ದರೂ ಅಳೆಯಲು ಬಗ್ಗುತ್ತಾರೆ, ಚಿಲ್ಲರೆ ಕೊಡಲು ಮುಂದೆ ಚಾಚುತ್ತಾರೆ. ಅವರ ಮಟ್ಟಕ್ಕೆ ಇಳಿಯಲು ಕುಕ್ಕರಗಾಲಲ್ಲಿ ಕೂತ ನೀವೂ ಗೊತ್ತಿಲ್ಲದಂತೆ ಹಿಂದೆ ಮುಂದೆ ತೂಗುತ್ತಿರುತ್ತೀರಿ. ಒಂದು ಮೀಟರ್ ದೂರದಲ್ಲಿ ಆ ತೂಗಾಟವೇ ಕಣ್ಣನ್ನು ಮಸುಕು ಮಾಡಲು ಸಾಕು. ಆದ್ದರಿಂದ ಎಎಫ್-ಸಿ ಅಥವಾ ಸರ್ವೊದಲ್ಲೇ ಇಡಿ. ಯಾವ ಬಗೆ ಬೇಕೆಂದು ಕ್ಯಾಮೆರಾವೇ ತೀರ್ಮಾನಿಸುವ ಮೂರನೆಯ ಆಯ್ಕೆಯೊಂದು ಕೆಲವು ಕ್ಯಾಮೆರಾಗಳಲ್ಲಿದೆ. ಅದರ ತಂಟೆಗೆ ಹೋಗಬೇಡಿ.

ಕಣ್ಣು ಹುಡುಕುವ ಕೆಲಸ

ಈಚಿನ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾ ಇದ್ದರೆ ಮೆನುವಿನಲ್ಲಿ ಮುಖ ಮತ್ತು ಕಣ್ಣು ಗುರುತಿಸುವ ಸೌಲಭ್ಯವನ್ನು ಆನ್ ಮಾಡಿ. ಗುರುತಿಸಬೇಕಾದ್ದು ಮನುಷ್ಯರನ್ನೋ ಪ್ರಾಣಿಗಳನ್ನೋ ಎಂಬ ಆಯ್ಕೆಯಿದ್ದರೆ ಮನುಷ್ಯರಿಗೇ ಇಡಿ. ಎಡಗಣ್ಣು, ಬಲಗಣ್ಣು, ಆಟೊ ಎಂಬಲ್ಲಿ ಆಟೊ ಸಾಕು. ಮುಖ ಒಂದು ಕಡೆಗೆ ತಿರುಗಿದ್ದರೆ ನಮಗೆ ಹತ್ತಿರದ ಕಣ್ಣು ಸ್ಪಷ್ಟವಾಗಿರಬೇಕು. ಫೋಕಸ್ ಎಲ್ಲಿದೆಯೆಂದು ತೋರಿಸುವ ಚೌಕ ದೂರದ ಕಣ್ಣಿಗೆ ಹಾರಿದರೆ ಕಣ್ಣು ಬದಲಿಸುವ ಕೆಲಸವನ್ನು ಒಂದು ಬಟನ್‌ಗೆ ಒಪ್ಪಿಸಿಟ್ಟುಕೊಳ್ಳಿ.

ಇಷ್ಟು ಮಾಡಿ ನಿಶ್ಚಿಂತರಾಗುವಂತಿಲ್ಲ. ಜನಜಂಗುಳಿಯಲ್ಲಿ ಕ್ಯಾಮೆರಾಕ್ಕೆ ಹತ್ತು ಮುಖ ಕಾಣುತ್ತವೆ. ನಿಮಗೆ ಬೇಕಾದ ಮುಖ ಯಾವುದೆಂದು ಅದಕ್ಕೆ ತಿಳಿಯದು. ಫೋಕಸ್ ಪ್ರದೇಶವನ್ನು ಇಡೀ ಚೌಕಟ್ಟಿಗೆ ಬಿಡದೆ ಚಿಕ್ಕ ಪ್ರದೇಶಕ್ಕೋ ಟ್ರ್ಯಾಕಿಂಗ್ ಬಿಂದುವಿಗೋ ಸೀಮಿತಗೊಳಿಸಿ, ಆ ಬಿಂದುವನ್ನು ಬೇಕಾದ ಮುಖದ ಮೇಲಿಟ್ಟು ಫೋಕಸ್ ಶುರುಮಾಡಿ. ಮುಖದ ನೆರವಿನಿಂದ ಅದು ಕಣ್ಣನ್ನು ತಾನೇ ಹುಡುಕಿಕೊಳ್ಳುತ್ತದೆ. ಕಾಯಿ ಹುರಿಯುವ ಬಾಣಲೆಯ ಹೊಗೆ ಅಡ್ಡ ಬಂದಾಗ, ಕನ್ನಡಕದ ಗಾಜಿನಲ್ಲಿ ಬಲ್ಬು ಹೊಳೆದಾಗ, ತಲೆಗೆ ಸುತ್ತಿದ ಟವೆಲ್ಲಿನ ನೆರಳು ಹುಬ್ಬಿನ ಕೆಳಗೆ ಬಿದ್ದಾಗ ಈ ಸೌಲಭ್ಯ ತಡಬಡಾಯಿಸುತ್ತದೆ. ಆಗ ತಡಮಾಡದೆ ಒಂದೇ ಬಿಂದುವಿನ ಫೋಕಸ್‌ಗೆ ಬನ್ನಿ. ಕನ್ನಡಕವಿದ್ದರೆ ಫ್ರೇಮಿನ ಮೇಲಲ್ಲ, ರೆಪ್ಪೆಯ ಗೆರೆಯ ಮೇಲೆ ಬಿಂದುವಿಡಿ.

ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಮೂಲಕ ನೋಡುವ ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಇದ್ದವರು ಶುರುವಿನಿಂದಲೇ ಒಂದೇ ಬಿಂದು ಬಳಸಬೇಕು. 1500ಡಿಯಲ್ಲಿ ಒಂಬತ್ತು, ಡಿ3500ರಲ್ಲಿ ಹನ್ನೊಂದು ಬಿಂದುಗಳಿವೆ. ಎರಡರಲ್ಲೂ ನಡುವಿನ ಬಿಂದುವೊಂದೇ ಅಡ್ಡ ಮತ್ತು ಉದ್ದ ಎರಡೂ ಬಗೆಯ ಗೆರೆಗಳನ್ನು ಓದಬಲ್ಲದು. ಮಬ್ಬು ಬೆಳಕಿನಲ್ಲಿ ನಂಬಬೇಕಾದ್ದು ಅದನ್ನೇ. ನಡುವಿನ ಬಿಂದುವಿನಿಂದ ಫೋಕಸ್ ಹಿಡಿದು ಆಮೇಲೆ ಚೌಕಟ್ಟು ಸರಿಸಿದರೆ ಫೋಕಸ್ ತಪ್ಪುತ್ತದೆಂದು ಹೆದರಿಸುವವರಿದ್ದಾರೆ. 50 ಎಂಎಂನಲ್ಲಿ ಮುಖವನ್ನು ಸ್ವಲ್ಪ ಮೇಲಕ್ಕೆ ಸರಿಸುವಷ್ಟಕ್ಕೆ ಕೋನದಿಂದ ಆಗುವ ವ್ಯತ್ಯಾಸ ಮಿಲಿಮೀಟರುಗಳ ಲೆಕ್ಕದ್ದು. ತಪ್ಪಾಗುವುದು ಸರಿಸುವ ಆ ಹೊತ್ತಿನಲ್ಲಿ ದೇಹ ವಾಲುವುದರಿಂದ. ಉಸಿರು ಬಿಗಿಹಿಡಿದು, ಮೊಣಕೈಯನ್ನು ಮಂಡಿಗೆ ಊರಿ, ಸರಿಸಿದ ಕೂಡಲೇ ಕ್ಲಿಕ್ಕಿಸಿ. ಎಎಫ್-ಸಿ, ಸರ್ವೊದಲ್ಲಿ ಸರಿಸುವಾಗ ಫೋಕಸ್ಸನ್ನು ಅಲ್ಲೇ ನಿಲ್ಲಿಸುವ ಬಗೆಯನ್ನು ಮುಂದೆ ಹೇಳುತ್ತೇನೆ.

ಹೆಬ್ಬೆರಳಿಗೆ ಫೋಕಸ್, ತೋರುಬೆರಳಿಗೆ ಶಟರ್

ನನ್ನ ಚಿತ್ರಗಳಲ್ಲಿ ಅತಿ ಹೆಚ್ಚು ಬದಲಾವಣೆ ತಂದದ್ದು ಇದೊಂದು ಹೊಂದಾಣಿಕೆ. ಶಟರ್ ಬಟನ್‌ನಿಂದ ಫೋಕಸ್ ಕೆಲಸವನ್ನು ಬಿಡಿಸಿ ಹಿಂಬದಿಯ ಎಎಫ್-ಆನ್ ಬಟನ್‌ಗೆ ಕೊಡುವುದು. 1500ಡಿಯಲ್ಲಿ ಆ ಬಟನ್ ಇಲ್ಲ. ಮೆನುವಿನ ಕಸ್ಟಮ್ ಫಂಕ್ಷನ್‌ಗೆ ಹೋಗಿ ನಕ್ಷತ್ರ ಚಿಹ್ನೆಯ ಬಟನ್‌ಗೆ ಈ ಕೆಲಸ ಒಪ್ಪಿಸಬಹುದು. ಡಿ3500ರಲ್ಲಿ ಎಇ-ಎಲ್/ಎಎಫ್-ಎಲ್ ಬಟನ್‌ಗೆ ಎಎಫ್-ಆನ್ ಎಂದು ಆಯ್ಕೆ ಮಾಡಿದರಾಯಿತು.

ಹೆಬ್ಬೆರಳು ಒತ್ತಿ ಹಿಡಿದಿದ್ದರೆ ಕ್ಯಾಮೆರಾ ಹಿಂಬಾಲಿಸುತ್ತದೆ, ಬಿಟ್ಟರೆ ಫೋಕಸ್ ಅಲ್ಲೇ ನಿಲ್ಲುತ್ತದೆ. ಮೋಡ್ ಬದಲಿಸದೆಯೇ ಎರಡೂ ಬಗೆ ಕೈಯಲ್ಲಿದ್ದ ಹಾಗಾಯಿತು. ಅಜ್ಜಿ ಅಳೆಯುತ್ತಿರುವಾಗ ಒತ್ತಿ ಹಿಡಿಯಿರಿ. ಗಿರಾಕಿಯೊಬ್ಬರು ಅಡ್ಡ ದಾಟಿದರೆ ಬಿಡಿ, ದಾಟಿದ ಮೇಲೆ ಮತ್ತೆ ಒತ್ತಿ. ಮೊದಲ ವಾರ ಬೆರಳು ಮರೆಯುತ್ತದೆ, ಹತ್ತಾರು ಚಿತ್ರ ಹಾಳಾಗುತ್ತವೆ. ಅದಕ್ಕೇ ಪರಿಷೆಯ ಹಿಂದಿನ ದಿನ ಇದನ್ನು ಶುರುಮಾಡಬೇಡಿ.

ಅಡ್ಡ ಬರುವವರ ಕಾಟಕ್ಕೆ ಇನ್ನೊಂದು ಉಪಾಯವೂ ಇದೆ. ತುಸು ಮೇಲ್ದರ್ಜೆಯ ಕ್ಯಾಮೆರಾಗಳ ಮೆನುವಿನಲ್ಲಿ ಟ್ರ್ಯಾಕಿಂಗ್ ಸೆನ್ಸಿಟಿವಿಟಿ ಅಥವಾ ಲಾಕ್-ಆನ್ ಎಂಬ ಆಯ್ಕೆಯಿರುತ್ತದೆ. ಅಡ್ಡ ಬಂದದ್ದಕ್ಕೆ ಕ್ಯಾಮೆರಾ ಎಷ್ಟು ಬೇಗ ಜಿಗಿಯಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಸಂತೆ, ಜಾತ್ರೆಗಳಲ್ಲಿ ಅದನ್ನು ನಿಧಾನದ ಕಡೆಗೆ ತಿರುಗಿಸಿ.

ಫೋಕಸ್ ಸಿಗುವ ಮೊದಲೇ ಶಟರ್ ಬಿಡಬೇಕೋ, ಸಿಕ್ಕ ಮೇಲೆ ಬಿಡಬೇಕೋ ಎಂಬ ಆಯ್ಕೆಯಿದ್ದರೆ ಭಾವಚಿತ್ರಕ್ಕೆ ಎರಡನೆಯದೇ ಸರಿ.

ಮಸುಕು ಯಾವುದರಿಂದ?

ಎಲ್ಲ ಮಸುಕೂ ಫೋಕಸ್‌ನ ತಪ್ಪಲ್ಲ. ಚಿತ್ರವನ್ನು ಪೂರ್ತಿ ದೊಡ್ಡದು ಮಾಡಿ ನೋಡಿ. ಕಿವಿಯೋಲೆಯೋ ಸೆರಗಿನ ಅಂಚೋ ಎಲ್ಲಾದರೂ ಒಂದು ಕಡೆ ಸ್ಪಷ್ಟವಾಗಿದ್ದು ಕಣ್ಣು ಮಾತ್ರ ಮಸುಕಾಗಿದ್ದರೆ ಫೋಕಸ್ ತಪ್ಪಿದೆ. ಎಲ್ಲವೂ ಒಂದೇ ದಿಕ್ಕಿಗೆ ಸವರಿದಂತಿದ್ದರೆ ನಿಮ್ಮ ಕೈ ಅಲುಗಿದೆ. ಹಿಂದಿನ ರಾಶಿ ಸರಿಯಿದ್ದು ಮುಖ ಮಾತ್ರ ಸವರಿದಂತಿದ್ದರೆ ಅವರು ಅಲುಗಿದ್ದಾರೆ. ಕೊನೆಯ ಎರಡಕ್ಕೆ ಮದ್ದು ಶಟರ್ ವೇಗ: ಕೂತವರಿಗೆ 1/250 ಸೆಕೆಂಡ್, ನಡೆದು ಬರುವವರಿಗೆ 1/500 ಇಟ್ಟುಕೊಂಡು ಐಎಸ್‌ಒವನ್ನು (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಪ್ರಮಾಣ) ಆಟೊಗೆ ಬಿಡಿ. ಸಂಜೆಯ ಹೊತ್ತಿಗೆ ಅದು 3200, 6400 ಮುಟ್ಟಿದರೂ ಗಾಬರಿ ಬೇಡ. ಚಿತ್ರದಲ್ಲಿನ ಕಾಳುಕಾಳು ಒರಟುತನವನ್ನು ಆಮೇಲೆ ತಕ್ಕಮಟ್ಟಿಗೆ ತಗ್ಗಿಸಬಹುದು, ತಪ್ಪಿದ ಫೋಕಸ್ಸನ್ನು ತಿದ್ದಲು ಬರುವುದಿಲ್ಲ.

ಡಿಎಸ್‌ಎಲ್‌ಆರ್‌ನಲ್ಲಿ ಎಷ್ಟು ಎಚ್ಚರವಹಿಸಿದರೂ ಫೋಕಸ್ ಸದಾ ಕಿವಿಯ ಕಡೆಗೇ ಜಾರುತ್ತಿದ್ದರೆ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ಗೋಡೆಯ ಕ್ಯಾಲೆಂಡರನ್ನು ವ್ಯೂಫೈಂಡರಿನಿಂದೊಮ್ಮೆ, ಲೈವ್ ವ್ಯೂನಿಂದೊಮ್ಮೆ (ಹಿಂಬದಿಯ ಪರದೆಯಲ್ಲಿ ನೋಡುತ್ತಾ) ತೆಗೆದು ಹೋಲಿಸಿ. ಎರಡನೆಯದು ಮಾತ್ರ ಸ್ಪಷ್ಟವಾಗಿ ಬಂದರೆ ಕ್ಯಾಮೆರಾ ಮತ್ತು ಲೆನ್ಸ್ ಹೊಂದುತ್ತಿಲ್ಲ; ಸರ್ವಿಸ್ ಸೆಂಟರಿಗೆ ಒಯ್ಯಬೇಕು.

ಹೊರಡುವ ಮುನ್ನ

ಮನೆಯವರೊಬ್ಬರನ್ನು ಪಡಸಾಲೆಯ ಆ ತುದಿಯಿಂದ ನಿಮ್ಮ ಕಡೆಗೆ ನಡೆಸಿ ಇಪ್ಪತ್ತು ಚಿತ್ರ ತೆಗೆಯಿರಿ. ಸಾಮಾನ್ಯ ನಡಿಗೆಯಲ್ಲಿ ಮನುಷ್ಯ ಸೆಕೆಂಡಿಗೆ ಒಂದು ಮೀಟರಿಗಿಂತ ಹೆಚ್ಚು ಸಾಗುತ್ತಾನೆ. ಅಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾದರೂ ಹತ್ತು ಸೆಂಟಿಮೀಟರ್ ಕೈತಪ್ಪಿತು. ಇಪ್ಪತ್ತರಲ್ಲಿ ಹದಿನೈದು ಸರಿಯಾಗಿ ಬರುವವರೆಗೆ ಅಭ್ಯಾಸ ಮಾಡಿ. ಸರಿಹೋದ ಹೊಂದಾಣಿಕೆಯನ್ನು ಡಯಲಿನಲ್ಲಿ ಸಿ1, ಯು1 ಥರದ ಸ್ಥಾನವಿದ್ದರೆ ಅಲ್ಲಿ ಉಳಿಸಿಕೊಳ್ಳಿ. ಫೋಕಸ್ ಬೀಪ್ ಮತ್ತು ಮುಂಭಾಗದ ಸಹಾಯಕ ದೀಪ ಎರಡನ್ನೂ ಆಫ್ ಮಾಡಿ. ಕತ್ತಲಲ್ಲಿ ಮುಖಕ್ಕೆ ಬೆಳಕು ಚುಚ್ಚಿದರೆ ಯಾರಿಗಾದರೂ ನಗು ಮಾಯವಾಗುತ್ತದೆ. ಆ ದೀಪವಿಲ್ಲದೆ ಫೋಕಸ್ ಹಿಡಿಯದಿದ್ದರೆ, ಬಲ್ಬಿನ ಬೆಳಕು ಬಿದ್ದ ಕೆನ್ನೆ ನೆರಳಿಗೆ ತಿರುಗುವ ಗೆರೆಯನ್ನು ಹುಡುಕಿ. ಕಣ್ಣಿನಷ್ಟೇ ದೂರದಲ್ಲಿರುವ ಅಂಚಾದರೆ ಸಾಕು.

ತೀರಾ ನೂಕುನುಗ್ಗಲಿನ ಹಗಲಿನಲ್ಲಿ ಆಟೊಫೋಕಸ್ಸನ್ನೇ ಬಿಟ್ಟುಬಿಡಬಹುದು. ಕ್ಯಾಮೆರಾದ ಜೊತೆ ಬರುವ 18-55 ಲೆನ್ಸನ್ನು 24 ಎಂಎಂಗೆ ತಿರುಗಿಸಿ, ಎಫ್/8ರಲ್ಲಿಟ್ಟು, ಎರಡು ಮೀಟರಿಗೆ ಫೋಕಸ್ ನಿಲ್ಲಿಸಿದರೆ ಸುಮಾರು 1.3 ಮೀಟರಿನಿಂದ ನಾಲ್ಕು ಮೀಟರಿನವರೆಗೆ ಸ್ಪಷ್ಟ.

ಮರುವರ್ಷ ಅದೇ ಜಾಗದಲ್ಲಿ ಅದೇ ಅಜ್ಜಿ ಸಿಕ್ಕರು. "ಅಜ್ಜಿ, ನಿಮ್ಮದೊಂದು ಫೋಟೊ ತೆಗೆಯಲೇ?" ಎಂದೆ. "ತೆಗೆದುಕೊಳ್ಳಪ್ಪ, ಗಿರಾಕಿ ಬಂದರೆ ಸರಿದುಕೊ" ಎಂದರು. ಹೆಬ್ಬೆರಳು ಒತ್ತಿ ಕಾದೆ. ಪಾವು ಮುಂದೆ ಬಂತು, ಹಿಂದೆ ಹೋಯಿತು. ಚೌಕ ಅವರ ಬಲಗಣ್ಣನ್ನು ಬಿಟ್ಟು ಕದಲಲಿಲ್ಲ. ಪರಿಷೆ ಒಂದಕ್ಕಿಂತ ಹೆಚ್ಚು ದಿನ ನಡೆಯುವುದರಿಂದ ಮೊದಲ ದಿನ ತೆಗೆದದ್ದನ್ನು ಸ್ಟುಡಿಯೊದಲ್ಲಿ 4x6 ಪ್ರಿಂಟ್ ಹಾಕಿಸಿ ಮರುದಿನ ಕೊಟ್ಟು ಬರಬಹುದು. ಕೂತ ಜಾಗದ ಗುರುತಿಗೆ ಹಿಂದಿನ ಅಂಗಡಿಯ ಬೋರ್ಡನ್ನೂ ಒಂದು ಚಿತ್ರದಲ್ಲಿ ಹಿಡಿದಿಟ್ಟುಕೊಂಡರೆ ಹುಡುಕಾಟ ತಪ್ಪುತ್ತದೆ. ನಾನು ಹಾಗೇ ಮಾಡಿದೆ. ಅಜ್ಜಿ ಪ್ರಿಂಟನ್ನು ಬಲ್ಬಿನ ಬೆಳಕಿಗೆ ಹಿಡಿದು ನೋಡಿ, ಸೆರಗಿನಲ್ಲಿ ಒರೆಸಿ, ಕಾಯಿಯ ಚೀಲದ ಕೆಳಗೆ ಮಡಿಚದಂತೆ ಇಟ್ಟುಕೊಂಡರು.