ಬಿಲ್ಡರ್ ಮಾಡದ ಡಿಕ್ಲರೇಷನ್ ನಾವೇ ನೋಂದಾಯಿಸಿದ್ದು

ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ಸೊಸೈಟಿ ಆ್ಯಕ್ಟ್‌ನ ಸರ್ಟಿಫಿಕೇಟ್ ಇದ್ದ ಮೇಲೆ ಡೀಡ್ ಆಫ್ ಡಿಕ್ಲರೇಷನ್ (ಕಟ್ಟಡವನ್ನು ಅಪಾರ್ಟ್‌ಮೆಂಟ್ ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರ) ಯಾಕೆ ಅಂತ ಸಂಘದವರೇ ರೇಗಿಸುತ್ತಿದ್ದರು. ಬಿಲ್ಡರ್ ಬಿಟ್ಟು ಬೇರೆಯವರು ಮಾಡೋಕಾಗಲ್ಲ ಅಂತ ವಕೀಲರೊಬ್ಬರು ಕೈಚೆಲ್ಲಿದರು. ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಆ್ಯಕ್ಟ್ 1972ರ 2ನೇ ಸೆಕ್ಷನ್ ತೆಗೆದು ಮುಂದಿಟ್ಟೆ: ಮಾಲೀಕ ಒಬ್ಬನೇ ಇದ್ದರೆ ಅವನು, ಇಲ್ಲದಿದ್ದರೆ ಮಾಲೀಕರೆಲ್ಲರೂ ಸೇರಿ ಡಿಕ್ಲರೇಷನ್ ಮಾಡಬಹುದು. ಅರವತ್ತು ಚಿಲ್ಲರೆ ಮನೆ ನಮ್ಮದು. ಒಂದು ಸಹಿ ತಪ್ಪಿದರೂ ಕೆಲಸ ಕೆಟ್ಟಂತೆಯೇ.

ಮೊದಲು ಸಿಕ್ಕಿಬಿದ್ದಿದ್ದು ಅವಿಭಾಜ್ಯ ಹಕ್ಕಿನ, ಅಂದರೆ ಜಾಗ ಮತ್ತು ಸಾಮಾನ್ಯ ಭಾಗಗಳಲ್ಲಿ ಪ್ರತಿ ಮನೆಗಿರುವ ಪಾಲಿನ ಲೆಕ್ಕದಲ್ಲಿ. ಎಲ್ಲರ ಕ್ರಯಪತ್ರ ಕೂಡಿಸಿದರೆ ನೂರಾಮೂರು ಪರ್ಸೆಂಟ್! ಒಮ್ಮೆ ನೋಂದಣಿಯಾದರೆ ಎಲ್ಲರ ಒಪ್ಪಿಗೆ ಇಲ್ಲದೆ ಈ ಪರ್ಸೆಂಟೇಜ್ ಬದಲಾಗಲ್ಲ. ಕಾಯ್ದೆ ಕೇಳೋದು ಮನೆಯ ಮೌಲ್ಯ ಇಡೀ ಆಸ್ತಿಯ ಮೌಲ್ಯದಲ್ಲಿ ಎಷ್ಟು ಅನ್ನೋ ಲೆಕ್ಕ. ಆದರೂ ಕುತೂಹಲಕ್ಕೆ ಕಾರ್ಪೆಟ್ ಏರಿಯಾ (ಮನೆಯೊಳಗಿನ ಬಳಸುವ ಜಾಗ), ಸೂಪರ್ ಬಿಲ್ಟಪ್ (ಸಾಮಾನ್ಯ ಜಾಗದ ಪಾಲೂ ಸೇರಿದ ಅಳತೆ) ಎರಡನ್ನೂ ಎಕ್ಸೆಲ್‌ಗೆ ಹಾಕಿ ನೋಡಿದೆ. ನೆಲಮಹಡಿಯವರಿಗೂ ಮೇಲಿನವರಿಗೂ ಜಗಳ ಹಚ್ಚೋಕೆ ಅಷ್ಟೇ ಸಾಕಿತ್ತು. ಹೆಚ್ಚಾದ ಮೂರು ಪರ್ಸೆಂಟ್ ಎಲ್ಲಿಂದ ಇಳಿಸಿದೆವು, ಎರಡು ಫ್ಲ್ಯಾಟ್ ಇನ್ನೂ ತನ್ನ ಹೆಸರಲ್ಲೇ ಇಟ್ಟುಕೊಂಡಿದ್ದ ಬಿಲ್ಡರ್ ಹೇಗೆ ಸಹಿ ಹಾಕಿದ ಅನ್ನೋದನ್ನ ಇಲ್ಲಿ ಬರೆಯಲ್ಲ.

ಮಹಡಿ ನಕ್ಷೆಗೆ ದುಡ್ಡು ಎರಡು ಸಲ ಹೋಯಿತು. ಮೊದಲ ಆರ್ಕಿಟೆಕ್ಟ್ ಈಗಿರುವ ಕಟ್ಟಡವನ್ನೇ ಅಳೆದು, ಟೆರೇಸಿನ ಶೀಟು ಸಮೇತ ಗೀರಿಕೊಟ್ಟರು. ಬೇಕಾದದ್ದು ಪಾಲಿಕೆ ಮಂಜೂರು ಮಾಡಿದ ನಕ್ಷೆಯ ಸರಿಯಾದ ಪ್ರತಿ ಇದು ಅನ್ನೋ ಆರ್ಕಿಟೆಕ್ಟ್ ದೃಢೀಕರಣ. ಸಂಘದ ನಿಯಮಾವಳಿ, ಅಂದರೆ ಬೈಲಾವನ್ನೂ ಡೀಡ್ ಜೊತೆಗೇ ಲಗತ್ತಿಸಬೇಕು. ಮಾದರಿ ಬೈಲಾವನ್ನೇ ಅಲ್ಪಸ್ವಲ್ಪ ತಿದ್ದಿ ಹಾಕಿದೆವು.

ವಿದೇಶದಲ್ಲಿರುವವರ ಜಿಪಿಎ (ಅವರ ಪರ ಬೇರೊಬ್ಬರು ಸಹಿ ಹಾಕಲು ಕೊಡುವ ಅಧಿಕಾರ ಪತ್ರ) ನಿಜವಾದ ತಲೆನೋವು. ಕಾನ್ಸುಲೇಟ್ ಅಥವಾ ನೋಟರಿ ದೃಢೀಕರಣ ಆಗಬೇಕು, ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಕಟ್ಟಬೇಕು. ಒಂದೆರಡು ಅವಧಿ ಮೀರಿ ಮತ್ತೆ ತರಿಸಿದ್ದಾಯಿತು. ಇನ್ನು ಡೀಡ್‌ಗೆ ಸಹಿಯಾದ ಮೇಲೆ ನಾಲ್ಕು ತಿಂಗಳೊಳಗೆ ಸಬ್ ರಿಜಿಸ್ಟ್ರಾರ್ ಮುಂದೆ ಹಾಜರುಪಡಿಸಬೇಕಲ್ಲ, ಬೇರೆ ಬೇರೆ ದಿನ ಸಹಿ ಹಾಕಿದರೆ ಪ್ರತಿ ಸಹಿಗೂ ಆ ಲೆಕ್ಕ ಬೇರೆ. ಆದ್ದರಿಂದ ದೂರದವರ ಕಾಗದ ಪೂರ್ತಿ ಕೈಸೇರಿದ ಮೇಲಷ್ಟೇ ಊರಲ್ಲಿದ್ದವರ ಸಹಿ ಶುರುಮಾಡಿದೆವು. ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರ ಮನೆಗೆ ಫೀ ಕಟ್ಟಿ ಅಧಿಕಾರಿಯನ್ನೇ ಕರೆಸಿದೆವು.

ಒಟ್ಟು ಖರ್ಚು ಮೂರೂವರೆ ಲಕ್ಷದ ಆಸುಪಾಸು, ಮನೆಗೆ ಐದೂವರೆ ಸಾವಿರ ಬಿತ್ತು. ವಕೀಲರೊಬ್ಬರು ಕೇಳಿದ್ದು ಎಂಟು ಲಕ್ಷ, ಅದೂ ಸಹಿ ನಾವೇ ತರಿಸಿಕೊಟ್ಟರೆ! ಈಗ ಪ್ರತಿ ಮಾಲೀಕರ ಫಾರ್ಮ್ ಬಿ (ತಮ್ಮ ಮನೆಯನ್ನು ಕಾಯ್ದೆಗೆ ಒಳಪಡಿಸುವ ಅವರವರ ಘೋಷಣೆ) ನಡೀತಿದೆ, ಹತ್ತು ಹನ್ನೆರಡು ಮನೆ ಬಾಕಿ.